ಬಾಣದ ಗುರುತು ಒರೆಸಿದ ಕಲ್ಲುಗಳು

ಅಣ್ಣ ಹಿಮಾಲಯದಿಂದ ತಂದ ಕಲ್ಲುಗಳು ಹನ್ನೊಂದು. ಪೈವಳಿಕೆಯ ನಮ್ಮ ಮನೆಯಲ್ಲಿ, ಅವನ ಮಂಚದ ಕೆಳಗೆ, ಗೋಣಿಯ ಮೇಲೆ ಸಾಲಾಗಿ ಇದ್ದವು. ಹಿಮನದಿ ಜಾರುವಾಗ ಕಲ್ಲು, ಮರಳು, ಜೇಡಿ ಎಲ್ಲವನ್ನೂ ಹೊತ್ತುಕೊಂಡು ಹೋಗಿ, ಕರಗುವಾಗ ಒಂದೇ ರಾಶಿಯಾಗಿ ಬಿಟ್ಟುಬಿಡುತ್ತದಂತೆ. ಆ ಕಲ್ಲುಗಳ ಮೈಮೇಲೆ ಉದ್ದುದ್ದ ಗೀರುಗಳಿರುತ್ತವೆ. ಸಾವಿರಾರು ವರ್ಷಗಳ ಹಿಂದೆ ಹಿಮ ಯಾವ ದಿಕ್ಕಿಗೆ ಸಾಗಿತೆಂದು ಅವು ಹೇಳುತ್ತವೆ. ಆದರೆ ಕಲ್ಲು ನೆಲದಲ್ಲಿ ಹೇಗೆ ಮಲಗಿತ್ತೆಂದು ಗೊತ್ತಿರಬೇಕು. ಅದಕ್ಕೇ ಅಣ್ಣ ಕಲ್ಲನ್ನು ಕೀಳುವ ಮೊದಲು ಅದರ ಮೇಲ್ಮೈಯಲ್ಲಿ ಮಾರ್ಕರಿನಿಂದ ಉತ್ತರಕ್ಕೆ ಬಾಣ ಬರೆದು, ಪಕ್ಕದಲ್ಲಿ ನಂಬರ್ ಹಾಕುತ್ತಿದ್ದ. ಹತ್ತನೆಗೆ ಶಾಲೆ ಬಿಟ್ಟ ನನಗೆ ಇಷ್ಟನ್ನು ಕಲಿಸಿದವನು ಅವನೇ.

ಅವನ ಸಂಶೋಧನೆ ನೋಡಿಕೊಳ್ಳುತ್ತಿದ್ದ ಸಾರ್ ಒಮ್ಮೆಯೂ ಅಷ್ಟು ಎತ್ತರ ಹತ್ತಿದವರಲ್ಲ. ಅಣ್ಣ ಕಾಯಿಲೆ ಬಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿದ್ದಾಗ, ಯಾವ ನಂಬರಿನ ಕಲ್ಲು ಎಲ್ಲಿ ಸಿಕ್ಕಿತೆಂದು ಅವನು ಬರೆದಿಟ್ಟ ಪುಸ್ತಕವನ್ನು ತರಿಸಿಕೊಂಡರು. ಮುಂದೆ ಆ ಕೆಲಸ ಅವರೊಬ್ಬರ ಹೆಸರಿನಲ್ಲಿ ಅಚ್ಚಾಯಿತು. ಅಣ್ಣ ಅದನ್ನು ಫೋನಿನಲ್ಲಿ ಕೊನೆಯವರೆಗೂ ಓದಿ, ಫೋನನ್ನು ನನ್ನ ಕೈಗೆ ಕೊಟ್ಟು, ಗೋಡೆಯ ಕಡೆ ತಿರುಗಿ ಮಲಗಿದ. ಮತ್ತೆ ಕಲ್ಲಿನ ಮಾತೆತ್ತಲಿಲ್ಲ. ಎರಡು ತಿಂಗಳಿಗೆ ತೀರಿಹೋದ.

ಸಾವಿನ ಮನೆಗೆ ಸಾರ್ ಬರಲಿಲ್ಲ. ಹನ್ನೆರಡನೆಯ ದಿನ ಫೋನ್ ಮಾಡಿದರು. ಅವರ ಬರಹವನ್ನು ಯಾರೋ ಪ್ರಶ್ನಿಸಿದ್ದರಂತೆ, ಕಲ್ಲುಗಳನ್ನು ತೋರಿಸಬೇಕಿತ್ತಂತೆ. ನಾಳೆ ಬೊಜ್ಜ, ನಾಡಿದ್ದು ಬನ್ನಿ ಎಂದೆ.

ಹದಿಮೂರನೆಯ ದಿನದ ಬೊಜ್ಜಕ್ಕೆ, ಸೂತಕ ಕಳೆಯಲೆಂದು, ನಮ್ಮಲ್ಲಿ ಮನೆ ಪೂರ್ತಿ ತೊಳೆಯುತ್ತಾರೆ. ಅಮ್ಮ ಅವನ ಬಟ್ಟೆ ಒಗೆಯುತ್ತಿದ್ದರು. ನಾನು ಕಲ್ಲುಗಳನ್ನು ಬಾವಿಕಟ್ಟೆಗೆ ಒಯ್ದು, ಪೈಂಟಿನ ಥಿನ್ನರ್ ಹಾಕಿ, ತೆಂಗಿನ ನಾರಿನಿಂದ ತಿಕ್ಕಿದೆ. ಬಾಣ ಹೋಯಿತು, ನಂಬರ್ ಹೋಯಿತು. ಗೀರುಗಳು ಮಾತ್ರ ಉಳಿದವು.

ಸಾರ್ ಬಂದು ಒಂದೊಂದೇ ಕಲ್ಲನ್ನು ತಿರುಗಿಸಿ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು.

“ಇದರಲ್ಲಿ ಗುರುತು ಇತ್ತಲ್ಲ ತಂಗಿ?”

“ಬೊಜ್ಜಕ್ಕೆ ಎಲ್ಲ ತೊಳೆಯುವ ಕ್ರಮ ಉಂಟು ಸಾರ್. ಯಾವ ಕಲ್ಲು ಎಲ್ಲಿ, ಹೇಗೆ ಇತ್ತು ಅಂತ ತೆಗೆದವರಿಗೆ ಗೊತ್ತಿರ್ತದಲ್ಲ? ನೀವೇ ತೆಗೆದದ್ದಂತೆ.”

ಅವರು ಅಮ್ಮನ ಕಡೆ ನೋಡಿದರು. ಅಮ್ಮ ಚಹಾ ಕುಡಿಯಿರಿ, ಆರ್ತದೆ ಎಂದರು. ಕಲ್ಲುಗಳನ್ನು ಗೋಣಿಯಲ್ಲಿ ಕಟ್ಟಿ ಅವರ ಕಾರಿಗೆ ನಾನೇ ಹಾಕಿದೆ.

ಅಣ್ಣನ ಎರಡು ಬೇಸಗೆಯ ದುಡಿತವೂ ಆ ಗುರುತುಗಳೊಂದಿಗೇ ಹೋಯಿತು. ತಿಕ್ಕುವಾಗಲೇ ಅದು ನನಗೆ ಗೊತ್ತಿತ್ತು. ಹನ್ನೊಂದನೆಯ ಕಲ್ಲಿಗೆ ಬಂದಾಗ ಕೈ ಸ್ವಲ್ಪ ತಡೆಯಿತು. ಆಮೇಲೆ ಅದನ್ನೂ ತಿಕ್ಕಿದೆ.