ನನ್ನ ಕಡೆಯ ಅಂಕಿ

ವಸುಧಾ, ಅಂದು ನೀವು ತಪ್ಪಿರಲಿಲ್ಲ. ತಪ್ಪಿದವನು ನಾನು — ಅದು ಗೊತ್ತಾದ ಮೇಲೂ ನಿಮ್ಮನ್ನು ಫೇಲ್ ಮಾಡಿದ ವರದಿಯನ್ನು ಹಾಗೇ ಕಳಿಸಿದೆ. ಇಷ್ಟು ಬರೆಯಲು ಹನ್ನೊಂದು ವರ್ಷ ಬೇಕಾಯಿತು. ಬರೆದ ಮೇಲೂ ಏನೂ ಅನ್ನಿಸುತ್ತಿಲ್ಲ; ಜೋಮು ಹಿಡಿದ ಕಾಲನ್ನು ನೆಲಕ್ಕೆ ಊರಿದ ಹಾಗಿದೆ.

ಮಲಾಡಿನ ಆ ಸಿಮ್ಯುಲೇಟರ್ — ಕಾಕ್‌ಪಿಟ್ಟನ್ನೇ ಹೋಲುವ ತರಬೇತಿ ಯಂತ್ರ. ಅಂದು ನಿಮ್ಮ ಕ್ಯಾಪ್ಟನ್ ಪರೀಕ್ಷೆ. ಬಲಗಡೆ ಕೂರಬೇಕಾದ ಪೈಲಟ್ ಬಂದಿರಲಿಲ್ಲ, ಆ ಸೀಟಿನಲ್ಲಿ ಪರೀಕ್ಷಕನಾದ ನಾನೇ ಕೂತೆ. ನೀವು ಹಳೆಯ ಸಣ್ಣ ವಿಮಾನಗಳಿಂದ ಬಂದವರು. ಅಲ್ಲಿ ವೇಗ ತೋರಿಸುವುದು ಗಡಿಯಾರದಂಥ ಗುಂಡು ಮೀಟರು. ಮುಳ್ಳು ಎಲ್ಲಿದೆಯೆಂದು ಕಣ್ಣಂಚಿನಲ್ಲೇ ತಿಳಿಯುತ್ತದೆ. ಇಲ್ಲಿ ಇಬ್ಬರ ಮುಂದೆಯೂ ಒಂದೊಂದು ಪರದೆ, ಅದರ ಬದಿಯಲ್ಲಿ ಉದ್ದನೆಯ ಪಟ್ಟಿ, ನಾವು ಟೇಪ್ ಅನ್ನುತ್ತೇವೆ — ಅಂಕಿಗಳು ಮೇಲೆ ಕೆಳಗೆ ಸರಿಯುತ್ತವೆ, ಓದಬೇಕು. ಮುಳ್ಳಿನ ಮೀಟರು ಒಂದೇ ಒಂದು, ನಡುವೆ, ತುರ್ತಿಗೆಂದು. ಮುಳ್ಳಿಗೆ ಪಳಗಿದ ಕಣ್ಣು ಟೇಪಿಗೆ ಒಗ್ಗುವುದಿಲ್ಲ ಎಂಬುದು ನನ್ನ ವೇದವಾಕ್ಯ. ನೀವು ಬಾಗಿಲು ದಾಟುವ ಮೊದಲೇ ಅರ್ಧ ವರದಿ ನನ್ನ ತಲೆಯಲ್ಲಿ ಬರೆದಾಗಿತ್ತು.

ರನ್‌ವೇ ಕಾಣುತ್ತಿದ್ದಂತೆ ನೀವು ಇಂಗ್ಲಿಷ್ ಬಿಟ್ಟು ಧಾರವಾಡದ ಕನ್ನಡಕ್ಕೆ ಇಳಿದಿರಿ.

"ಸರ್, ಟೇಪ್ ಒಂದು ಹೇಳ್ಲಿಕ್ಕತ್ತದ, ಮುಳ್ಳು ಇನ್ನೊಂದು ಹೇಳ್ಲಿಕ್ಕತ್ತದ. ನಿಮ್ಮ ಕಡೆ ಎಷ್ಟದ?"

ನಮ್ಮ ಕೆಲಸದಲ್ಲಿ ಈ ಪ್ರಶ್ನೆಗೆ ಉತ್ತರ ಒಂದೇ — ಅಂಕಿ. ಎರಡು ಹೊಂದದಿದ್ದಾಗ ಮೂರನೆಯದನ್ನು ಕೇಳಿ, ಯಾವೆರಡು ಕೂಡುತ್ತವೆ ಎಂದು ನೋಡಬೇಕು. ನಾನು ಅಂಕಿ ಹೇಳಲಿಲ್ಲ. ಬಗ್ಗಿ ನಿಮ್ಮ ಪರದೆ ನೋಡಲೂ ಇಲ್ಲ.

"ನನ್ನ ಕಡೆ ಸರಿಯಾಗೇ ಇದೆ ಕಣಮ್ಮ. ಮುಳ್ಳಿನ ಚಾಳಿ ಬಿಡು, ಟೇಪ್ ನೋಡು."

ನೀವು ಮುಳ್ಳನ್ನೇ ನಂಬಿ, ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲಕ್ಕೆ ಏರಿಸಿದಿರಿ. 'ಹಳೆಯ ಅಭ್ಯಾಸದಿಂದ, ಕಾರಣವಿಲ್ಲದೆ ಲ್ಯಾಂಡಿಂಗ್ ಕೈಬಿಟ್ಟರು' ಎಂದು ನಾನು ಬರೆದೆ.

ನೀವು ಹೊರಟ ಮೇಲೆ ಹಿಂಬದಿಯ ಪರೀಕ್ಷಕರ ಫಲಕವನ್ನು ಆರಿಸಲು ಎದ್ದೆ. ಬೆಳಗಿನ ಪಾಠಕ್ಕೆಂದು ಎಡಬದಿಯ ಟೇಪಿಗೆ ನಾನೇ ಹಾಕಿದ್ದ ದೋಷ ಇನ್ನೂ ಅಲ್ಲೇ ಇತ್ತು. ತೆಗೆಯಲು ಮರೆತಿದ್ದೆ. ನಿಮ್ಮ ಟೇಪ್ ಇದ್ದುದಕ್ಕಿಂತ ಹೆಚ್ಚು ವೇಗ ತೋರಿಸುತ್ತಿತ್ತು. ಎಚ್ಚರಿಕೆಯ ಸಂದೇಶ ಬರುವಷ್ಟು ವ್ಯತ್ಯಾಸವಾಗುವ ಮೊದಲೇ ನೀವು ಅದನ್ನು ಹಿಡಿದಿದ್ದಿರಿ. ಆಗ ನೀವಿನ್ನೂ ಕೆಳಗೆ ಕ್ಯಾಂಟೀನಿನಲ್ಲಿದ್ದಿರಿ. ಕರೆಯಬಹುದಿತ್ತು — ಕರೆದಿದ್ದರೆ ನನ್ನ ಪರೀಕ್ಷಕನ ಹುದ್ದೆ ಹೋಗುತ್ತಿತ್ತು. ಬೆರಳಿಟ್ಟು ದೋಷ ಅಳಿಸಿದೆ. ವರದಿಯನ್ನು ಮುಟ್ಟಲಿಲ್ಲ.

ಎರಡನೇ ಪರೀಕ್ಷೆ ತೆಗೆದುಕೊಂಡವರು ಬೇರೆಯವರು. ಅವರು ಬೇಕೆಂದೇ ಅದೇ ದೋಷ ಕೊಟ್ಟರಂತೆ. ನೀವು ಮುಳ್ಳಿನತ್ತ ಕಣ್ಣು ಹಾಯಿಸಲೇ ಇಲ್ಲವಂತೆ. ಟೇಪನ್ನೇ ನಂಬಿ ಇಳಿಸಲು ಹೋಗಿ, ವೇಗ ಸಾಲದೆ ವಿಮಾನ ನಡುಗಿತಂತೆ. ನಾನು ಹೇಳಿದ್ದನ್ನು ನೀವು ಚೆನ್ನಾಗಿ ಕಲಿತಿದ್ದಿರಿ. ಕ್ಯಾಪ್ಟನ್ ಆಗಲಿಲ್ಲ. ಹಾರುವುದನ್ನೇ ಬಿಟ್ಟು ವಡಾಲದಲ್ಲಿದ್ದೀರಿ ಎಂದು ಆಮೇಲೆ ಯಾರೋ ಹೇಳಿದರು.

ಇನ್ನೂ ಹೇಳುವುದಿದೆ. ಮೀಟರು, ಟೇಪುಗಳನ್ನು ಹೋಲಿಸುವ ಪಾಠದಲ್ಲಿ ಪ್ರತಿ ವರ್ಷ ನಿಮ್ಮ ಕಥೆ ಹೇಳಿದೆ, ಹೆಸರು ಬಿಟ್ಟು. 'ಹುಟ್ಟುಗುಣ ಸುಟ್ಟರೂ ಹೋಗದು' ಎಂದು ಸೇರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಮೊನ್ನೆ ಒಬ್ಬ ವಿದ್ಯಾರ್ಥಿನಿ ನಗಲಿಲ್ಲ.

"ಸರ್, ಬಲಗಡೆ ಇದ್ದವರ ಸ್ಪೀಡ್ ಕಿತನಾ ಥಾ?"

ಬಲಗಡೆ ವೇಗ ಎಷ್ಟಿತ್ತು? ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ — ಇಲ್ಲ, ನೀವು ಕೇಳಿದ್ದಿರಿ. ನೆನಪಿಲ್ಲ ಎಂದೆ. ಅದೂ ಸುಳ್ಳು. ಮೊನ್ನೆ ಸಂಜೆ ಬೊರಿವಲಿಯಲ್ಲಿ ಲೋಕಲ್ ರೈಲು ಖಾಲಿಯಾದ ಮೇಲೂ ಕೂತೇ ಇದ್ದೆ. ಯಾರೋ ಹೆಗಲು ತಟ್ಟಿ ಇಳಿಸಿದರು.

ಇಂದು ಬೆಳಿಗ್ಗೆ ತರಬೇತಿ ಕಚೇರಿಗೆ ಎಲ್ಲವನ್ನೂ ಬರೆದು, ಸಹಿ ಹಾಕಿ ಕೊಟ್ಟೆ. ಅವರು ಏನು ಮಾಡುತ್ತಾರೋ ಮಾಡಲಿ. ನಿಮ್ಮಲ್ಲಿ ಕ್ಷಮೆ ಕೇಳುವ ಮುಖ ನನಗಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ಮಾತ್ರ ಬಾಕಿಯಿದೆ.

ನನ್ನ ಕಡೆ ನೂರ ಮೂವತ್ತೊಂದು ಇತ್ತು, ವಸುಧಾ. ಮುಳ್ಳು ತೋರಿಸುತ್ತಿದ್ದುದೂ ಅದನ್ನೇ.