ಟೈಲರಮ್ಮನ ಬಲಗಾಲು

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ಗಂಡ ಬಸ್ ಡ್ರೈವರ್. ಮನೆಯ ಮೂರನೆಯವಳು ಗಂಡನ ತಂಗಿ. ಚಿಕ್ಕಂದಿನಿಂದಲೂ ಅವಳ ಬಾಯಿಗೆ ಬಿಡುವಿರಲಿಲ್ಲ, ಅದಕ್ಕೇ ಅಣ್ಣ ಅವಳಿಗೆ ಚಿನಕುರುಳಿ ಎಂದು ಹೆಸರಿಟ್ಟಿದ್ದ.

ಅಂಗಡಿಯಲ್ಲಿ ಹೊಲಿಗೆ ಅತ್ತಿಗೆಯದು, ಕಟಿಂಗ್ ನಾದಿನಿಯದು. ಚಿನಕುರುಳಿ ಕತ್ತರಿ ಹಿಡಿದರೆ ಬಟ್ಟೆ ತಾನಾಗಿ ದಾರಿ ಬಿಡುತ್ತದೆ ಎಂದು ಗಿರಾಕಿಗಳು ಹೊಗಳುತ್ತಿದ್ದರು. ಆದರೆ ಒಂದು ದಿನ ಒಬ್ಬ ತಾಯಿ ಮಗಳ ಮದುವೆಗೆ ತೊಡಲೆಂದು ಜಾಕೆಟ್ ಹೊಲಿಯಲು ನೀಲಿ ಬಟ್ಟೆ ತಂದುಕೊಟ್ಟಿದ್ದರು. ಹೊಳಪು ಒಂದು ಮಗ್ಗುಲಿಗೆ ಮಾತ್ರ ಇದ್ದ ಬಟ್ಟೆ. ಚಿನಕುರುಳಿ ಮಾತಾಡುತ್ತಾ ಮಾತಾಡುತ್ತಾ ಎಡ ಎದೆಭಾಗ ಕತ್ತರಿಸಿದಳು. ಆಮೇಲೆ ಕಾಗದದ ಅಚ್ಚನ್ನು ಮಗುಚಿ ಹಾಕುವುದನ್ನು ಮರೆತು ಇನ್ನೊಂದನ್ನೂ ಕತ್ತರಿಸಿದಳು. ಎರಡೂ ಎಡಭಾಗವೇ ಆದವು. ಮಿಕ್ಕ ಬಟ್ಟೆ ಸಾಲಲಿಲ್ಲ, ಅಂಥದ್ದು ಬೇರೆಲ್ಲೂ ಸಿಗಲೂ ಇಲ್ಲ. ಆ ತಾಯಿ ಜಗಳವಾಡಲಿಲ್ಲ. ಅಂಗಡಿಯ ಸ್ಟೂಲಿನ ಮೇಲೆ ಕೂತು ಸುಮ್ಮನೆ ಕಣ್ಣೊರೆಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಚಿನಕುರುಳಿ ಕತ್ತರಿ ಮುಟ್ಟಲಿಲ್ಲ. ಮಹಡಿಯ ಕೋಣೆಯಲ್ಲಿ ಟಿವಿಯ ಮುಂದೆ ಕೂತು ಹೊಡೆದಾಟದ ವಿಡಿಯೋ ಗೇಮ್ ಆಡತೊಡಗಿದಳು. ಮೊದಲಿಂದಲೂ ಆಡುತ್ತಿದ್ದವಳೇ, ಈಗ ಅದೊಂದೇ ಆಯಿತು. ಕಟಿಂಗ್‌ಗೆ ಹೊರಗಿನವರನ್ನು ಕರೆಸಬೇಕಾಯಿತು. ಟೈಲರಮ್ಮನಿಗೆ ಅದು ಕಷ್ಟವೆನಿಸಲಿಲ್ಲ. ಮನೆಯಲ್ಲಿ ಮಾತೇ ನಿಂತುಹೋಗಿದ್ದು ಕಷ್ಟವೆನಿಸಿತು.

ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಎರಡು ತಟ್ಟೆ ಹಿಡಿದು ಮೇಲೆ ಹೋದಳು.

"ಯಾವಾಗ ಕೆಳಗೆ ಬರ್ತೀಯ?"

"ನೀವು ನನ್ನ ಈ ಆಟದಲ್ಲಿ ಸೋಲಿಸಿದ ದಿನ," ಅಂದಳು ಚಿನಕುರುಳಿ, ಪರದೆಯಿಂದ ಕಣ್ಣು ತೆಗೆಯದೆ. ಆಗದ ಮಾತು ಎಂಬ ಅರ್ಥದಲ್ಲಿ ಹೇಳಿದ್ದು.

ಟೈಲರಮ್ಮ ತಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು, ಪಕ್ಕದ ಕುರ್ಚಿಯಲ್ಲಿ ಕೂತಳು. "ಇನ್ನೊಂದು ಕಂಟ್ರೋಲರ್ ಎಲ್ಲಿದೆ, ಕೊಡು."

ನಾದಿನಿಯದು ಕೆಂಪು ಜಡೆಯ ಹುಡುಗಿ, ಗಾಳಿಯಲ್ಲಿ ಹಾರಿ ಹಾರಿ ಒದೆಯುವವಳು. ಟೈಲರಮ್ಮ ಆರಿಸಿಕೊಂಡದ್ದು ಗಡ್ಡದ ಪೈಲ್ವಾನನನ್ನು, "ಪಾಪ, ನೋಡೋಕೆ ನಿಮ್ಮಣ್ಣನ ಥರ ಇದಾನೆ" ಎಂದು. ಕೈಗೆ ಸಿಕ್ಕ ಬಟನ್ನೆಲ್ಲ ಒತ್ತಿದಳು. ಪೈಲ್ವಾನ ತನ್ನ ಪಾಡಿಗೆ ತಾನು ಕುಣಿದು, ಒದೆ ತಿಂದು, ಅಂಗಾತ ಬಿದ್ದ.

ಮರುದಿನವೂ ಹೋದಳು. ಅದರ ಮರುದಿನವೂ. ಊಟದ ಹೊತ್ತೆಂದರೆ ಒದೆ ತಿನ್ನುವ ಹೊತ್ತು ಎಂದಾಯಿತು. ಕೊನೆಗೆ ಚಿನಕುರುಳಿಗೇ ತಡೆಯಲಾಗಲಿಲ್ಲ.

"ಅಯ್ಯೋ ಅತ್ತಿಗೆ, ಅದೇನು ಹಿಟ್ಟು ನಾದ್ತಾ ಇದೀರಾ? ಮೊದಲು ಹೊಡೆಯೋದು ಬಿಡಿ, ತಡೆಯೋದು ಕಲೀರಿ. ಹಿಂದಕ್ಕೆ ಒತ್ತಿ ಹಿಡೀರಿ. ಹಿಡ್ಕೊಂಡೇ ಇರಿ. ನಾನು ಸುಸ್ತಾಗಲಿ."

"ಆಮೇಲೆ?"

"ಆಮೇಲೆ ಒಂದೇ ಒಂದು ಏಟು. ಅದನ್ನೇ ಕಲೀರಿ, ನಿದ್ದೆಯಲ್ಲಿ ಎಬ್ಬಿಸಿದರೂ ಬರೋ ಹಾಗೆ. ಮತ್ತೆ, ಸುಮ್ಸುಮ್ನೆ ಹಾರಬೇಡಿ. ಮೇಲೆ ಹಾರಿದವರು ನೆಲಕ್ಕೆ ಬರೋವರೆಗೆ ಏನನ್ನೂ ತಡೆಯೋಕಾಗಲ್ಲ."

"ನೀನು ಹಾರ್ತೀಯಲ್ಲ?"

"ನನ್ನ ಹಿಡಿಯೋರಿದ್ದರೆ ತಾನೆ!"

ಎಷ್ಟೋ ವಾರಗಳ ಮೇಲೆ ಕೇಳಿದ ಉದ್ದದ ಮಾತು ಅದು. ಟೈಲರಮ್ಮ ಒಂದಕ್ಷರ ಬಿಡದೆ ಕೇಳಿಸಿಕೊಂಡಳು. ಬೆಳಿಗ್ಗೆ ಮೆಷಿನ್ ಮುಟ್ಟುವ ಮುಂಚೆ ಕಣ್ಣು ಮುಚ್ಚಿ ದೇವರನ್ನು ನೆನೆಯುವುದು ಅವಳ ರೂಢಿ. ಆಗ ಗೆಲುವನ್ನು ಕೇಳಲು ಅವಳಿಗೆ ಸಂಕೋಚವಾಗುತ್ತಿತ್ತು. ಆಟಕ್ಕೆಲ್ಲ ದೇವರನ್ನು ಎಳೆಯಬಾರದು. ಕೂತಿರುವಷ್ಟು ತಾಳ್ಮೆ ಕೊಡಪ್ಪಾ, ಅಷ್ಟು ಸಾಕು ಎನ್ನುತ್ತಿದ್ದಳು.

ಸೋತ ಆಟವನ್ನು ಮತ್ತೆ ಹಾಕಿ ನೋಡುವುದನ್ನೂ ನಾದಿನಿಯೇ ಹೇಳಿಕೊಟ್ಟಳು. "ಗೆದ್ದಿದ್ದು ನೋಡಿದರೆ ಜಂಬ ಬರುತ್ತೆ ಅಷ್ಟೆ. ಸೋತಿದ್ದು ನೋಡಿ, ಎಲ್ಲಿ ಎಡವಿದ್ದು ಅಂತ ಗೊತ್ತಾಗುತ್ತೆ."

ಟೈಲರಮ್ಮ ಅವಳ ಮುಖವನ್ನೊಮ್ಮೆ ನೋಡಿದಳು. ಅಂಗಡಿಯ ಕೆಳಗಿನ ಖಾನೆಯಲ್ಲಿ ಹಳೇ ಪೇಪರಿನಲ್ಲಿ ಸುತ್ತಿಟ್ಟ ನೀಲಿ ಬಟ್ಟೆ ನೆನಪಾಯಿತು.

ತಡೆಯುವುದು ಕೈಗೆ ಹತ್ತಿತು. ಆ ಒಂದು ಏಟು, ಪೈಲ್ವಾನನ ಭುಜದ ಗುದ್ದು, ಅದೂ ಬಂತು. ಆದರೆ ತಾಗುತ್ತಲೇ ಇರಲಿಲ್ಲ. ಗುದ್ದಬೇಕು ಅನ್ನುವಷ್ಟರಲ್ಲಿ ಕೆಂಪು ಜಡೆ ಗಾಳಿಯಲ್ಲಿರುತ್ತಿತ್ತು, ಮರುಕ್ಷಣ ಪೈಲ್ವಾನನ ತಲೆಯ ಮೇಲೆ ಕಾಲು. ಮನಸ್ಸಿನಲ್ಲಿರುವುದು ಇವಳಿಗೆ ಹೇಗೆ ಗೊತ್ತಾಗುತ್ತದೆ?

ಒಂದು ದಿನ ಕೆಂಪು ಜಡೆ ಯಾಕೋ ನಿಂತಲ್ಲೇ ನಿಂತಿತು. ಗುದ್ದು ತಾಗಿತು. ಇನ್ನೊಂದೂ ತಾಗಿತು. ಪೈಲ್ವಾನ ಗೆದ್ದು ಎರಡು ಕೈ ಎತ್ತಿದ. ಟೈಲರಮ್ಮನ ಮುಖ ಮಾತ್ರ ಅರಳಲಿಲ್ಲ.

"ಬಿಟ್ಟುಕೊಟ್ಟೆ ಅಲ್ವೇನೇ?"

"ಸಾಕು ಬಿಡಿ ಅತ್ತಿಗೆ. ದಿನಾ ಅಂಗಡಿ ಮುಚ್ಚಿ ಬರ್ತೀರ, ನೋಡೋಕಾಗಲ್ಲ."

"ಹಾಗಾದ್ರೆ ಕೆಳಗೆ ಬರ್ತೀಯಾ?"

ಚಿನಕುರುಳಿ ತಲೆ ತಗ್ಗಿಸಿದಳು. "ಕೈ ನಡುಗುತ್ತೆ."

"ಮತ್ತೆ ಈ ಗೆಲುವು ಇಟ್ಕೊಂಡು ನಾನೇನು ಮಾಡ್ಲಿ? ಹಾಕು, ಇನ್ನೊಂದು ಆಟ."

ರಹಸ್ಯ ಒಡೆದದ್ದು ಡ್ರೈವರ್‌ಗೆ ರಜೆಯಿದ್ದ ದಿನ. ಹಿಂದೆ ಮಂಚದ ಮೇಲೆ ಕೂತು ಊಟ ಮಾಡುತ್ತಾ ಹೆಂಡತಿ, ತಂಗಿಯರ ಯುದ್ಧ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ನಗತೊಡಗಿದ. ತುತ್ತು ನೆತ್ತಿಗೇರಿತು.

"ಲೇ, ಗುದ್ದೋಕೆ ಮುಂಚೆ ಪ್ರತಿ ಸಲ ಬಲಗಾಲಲ್ಲಿ ಮೆಷಿನ್ ತುಳೀತೀಯಲ್ಲೇ!"

"ಅಣ್ಣಾ!" ಚಿನಕುರುಳಿ ದಿಂಬು ಎಸೆದಳು. "ನಿಂಗ್ಯಾರು ಹೇಳು ಅಂದ್ರು?"

ಟೈಲರಮ್ಮ ತನ್ನ ಕಾಲನ್ನು ನೋಡಿಕೊಂಡಳು. ಹೌದು. ಪೆಡಲ್ ತುಳಿದ ಮೇಲೇ ಸೂಜಿ ಇಳಿಯುವುದು, ಇಷ್ಟು ವರ್ಷದ ಅಭ್ಯಾಸ. ಕೈ ಏನಾದರೂ ಮಾಡಬೇಕಾದರೆ ಮೊದಲು ಕಾಲು ನೆಲ ಒತ್ತುತ್ತಿತ್ತು. ಪಕ್ಕದಲ್ಲಿ ಕೂತವಳಿಗೆ ಚಪ್ಪಲಿಯ ಟಪ್ ಸದ್ದೇ ಸಾಕು, ಹಾರಿಬಿಡುತ್ತಿದ್ದಳು.

"ಕಳ್ಳಿ!" ಅಂದಳು ಟೈಲರಮ್ಮ.

"ಆಟದಲ್ಲಿ ಇದಕ್ಕೆ ಬುದ್ಧಿ ಅಂತಾರೆ ಅತ್ತಿಗೆ. ಎದುರಿನವರ ಚಾಳಿ ಹಿಡೀಬೇಕು."

ಮರುದಿನ ಚಪ್ಪಲಿ ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಕಾಲಿಲ್ಲದೆ ಕೈಯೂ ಓಡಲಿಲ್ಲ. ಕಲಿತದ್ದೆಲ್ಲ ಮರೆತವನ ಹಾಗೆ ಪೈಲ್ವಾನ ಪಿಳಿಪಿಳಿ ಕಣ್ಣು ಬಿಡುತ್ತಾ ನಿಂತು ಏಟು ತಿಂದ. ಕಾಲು ಆಡಿದರೆ ಗುಟ್ಟು ಬಯಲು, ಆಡದಿದ್ದರೆ ಆಟವೇ ಇಲ್ಲ. ಅವಳಿಗೆ ಮೊದಲ ಸಲ ಅಳು ಬಂದಂತಾಯಿತು. ಆಟ ಸೋತದ್ದಕ್ಕಲ್ಲ. ಈ ಹುಡುಗಿ ಹೀಗೇ ಕೋಣೆಯಲ್ಲಿ ಉಳಿದುಬಿಟ್ಟರೆ ಎಂದು.

ಸಂಜೆ ಅಂಗಡಿಯಲ್ಲಿ ಬಾಬಿನ್‌ಗೆ ದಾರ ಸುತ್ತುತ್ತಿದ್ದಳು. ಅದಕ್ಕೆ ಮೆಷಿನ್ನಿನ ಪಕ್ಕದ ಚಕ್ರದ ತಿರುಪು ಸಡಿಲ ಮಾಡಬೇಕು. ಆಗ ಪೆಡಲ್ ಎಷ್ಟು ತುಳಿದರೂ ದಾರ ಸುತ್ತಿಕೊಳ್ಳುತ್ತದೆ, ಸೂಜಿ ಮಾತ್ರ ಇಳಿಯುವುದಿಲ್ಲ. ಟೈಲರಮ್ಮ ತುಳಿಯುತ್ತಾ ಸೂಜಿಯನ್ನೇ ನೋಡಿದಳು. ಮತ್ತೆ ತುಳಿದಳು. ಬಾಬಿನ್ ತುಂಬಿ ದಾರ ಹೊರಗೆ ಚೆಲ್ಲಿದರೂ ಗೊತ್ತಾಗಲಿಲ್ಲ. ಮುಖದ ಮೇಲೆ ನಗು ಬಂದಿತ್ತು.

ಮರುದಿನ ಮಧ್ಯಾಹ್ನ ಚಪ್ಪಲಿ ಹಾಕಿಕೊಂಡೇ ಕುರ್ಚಿಯಲ್ಲಿ ಕೂತಳು. ತಲಾ ಒಂದೊಂದು ಸುತ್ತು ಗೆದ್ದರು. ಹೌದು, ಅವಳೂ ಒಂದು ಗೆದ್ದಿದ್ದಳು, ಬರೀ ತಡೆದು ತಡೆದು, ನಾದಿನಿಯನ್ನು ರೇಗಿಸಿ. ಕೊನೆಯ ಸುತ್ತಿನಲ್ಲಿ ಪರದೆಯ ಮೇಲಿನ ಪ್ರಾಣದ ಪಟ್ಟಿ ಇಬ್ಬರದೂ ಬೆರಳಗಲ ಉಳಿದಿತ್ತು.

ಟಪ್.

ಕೆಂಪು ಜಡೆ ಹಾರಿತು. ಪೈಲ್ವಾನ ಕದಲಲಿಲ್ಲ. ಕಾಲು ತುಳಿದಿತ್ತು, ಸೂಜಿ ಇಳಿದಿರಲಿಲ್ಲ. ಗುದ್ದಲು ಮುಂದೆ ನುಗ್ಗುವ ತಲೆಗೆಂದು ಬೀಸಿದ ಒದೆ ಖಾಲಿ ಗಾಳಿಗೆ ಹೋಯಿತು, ಜಡೆಯವಳು ನೆಲಕ್ಕೆ ಬರುತ್ತಿದ್ದಳು, ಏನನ್ನೂ ತಡೆಯಲಾಗದೆ. ಆಗ ಬಿತ್ತು ಭುಜದ ಗುದ್ದು.

ಪೈಲ್ವಾನ ಎರಡು ಕೈ ಎತ್ತಿದ.

"ಅತ್ತಿಗೇ!" ಚಿನಕುರುಳಿ ಕಿರುಚಿದಳು. "ಮೋಸ! ಕಾಲು ಒತ್ತಿದ್ರಿ, ಹೊಡೀಲೇ ಇಲ್ಲ!"

"ಆಟದಲ್ಲಿ ಇದಕ್ಕೆ ಬುದ್ಧಿ ಅಂತಾರಂತೆ," ಅಂದಳು ಟೈಲರಮ್ಮ. ಅವಳ ಕೈ ಇನ್ನೂ ನಡುಗುತ್ತಿತ್ತು. ಅದನ್ನೇ ಎತ್ತಿ ತೋರಿಸಿದಳು. "ನೋಡು. ನಡುಗ್ತಾನೇ ಗೆದ್ದಿದ್ದು."

ಚಿನಕುರುಳಿ ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಅವಳು ಕೊಟ್ಟಿದ್ದ ಮಾತನ್ನು ಟೈಲರಮ್ಮ ನೆನಪಿಸಲಿಲ್ಲ, ತಟ್ಟೆ ಎತ್ತಿಕೊಂಡು ಕೆಳಗಿಳಿದಳು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿದಾಗ ಅವಳು ತಲೆ ಎತ್ತಲಿಲ್ಲ. ಚಿನಕುರುಳಿ ನೇರ ಹೋಗಿ ಕೆಳಗಿನ ಖಾನೆ ತೆಗೆದು ಪೇಪರಿನ ಗಂಟು ಬಿಚ್ಚಿದಳು. ಎರಡು ಎಡಭಾಗಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿ, ಬಾಗಿ ನೋಡಿದಳು.

"ಇಲ್ಲಿ ಎಡವಿದ್ದು," ಅಂದಳು. "ಒಂದರ ಮೇಲೊಂದು ಇಟ್ಟು ನೋಡಿದ್ದರೂ ಸಾಕಿತ್ತು."

"ಹೂಂ."

"ಇದು ಹೇಗೂ ಹಾಳಾಗಿರೋದು, ಇನ್ನೇನು ಹಾಳಾಗುತ್ತೆ. ಒಂದು ಮಗು ಜಾಕೆಟ್‌ಗೆ ಆಗುತ್ತೆ ಅಲ್ವಾ ಅತ್ತಿಗೆ?"

"ಅಳತೆ ನೀನೇ ನೋಡು. ನಂಗೇನು ಗೊತ್ತು, ನಾನು ಬರೀ ಹೊಲಿಯೋಳು."

ಚಿನಕುರುಳಿ ಸೀಮೆಸುಣ್ಣದಿಂದ ಗೆರೆ ಎಳೆದಳು. ಅಚ್ಚನ್ನು ಮಗುಚಿದಳು, ಮತ್ತೊಮ್ಮೆ ಬಾಗಿ ನೋಡಿ ಖಾತ್ರಿ ಮಾಡಿಕೊಂಡಳು. ಕತ್ತರಿ ಬಾಯಿ ತೆರೆದು ಬಟ್ಟೆಯ ಅಂಚಿನಲ್ಲಿ ಒಂದು ಕ್ಷಣ ನಿಂತಿತು.

ಟೈಲರಮ್ಮ ಮೆಷಿನ್ನಿನ ಮುಂದೆ ಕಣ್ಣು ಮುಚ್ಚಿದಳು. ಚರ್ ಎಂದು ಬಟ್ಟೆ ಸೀಳಿದ ಸದ್ದು ಕೇಳಿತು, ಅದರ ಬೆನ್ನಲ್ಲೇ ಮಾತು: "ಅಲ್ಲ ಅತ್ತಿಗೆ, ಆ ಬಾಬಿನ್ ಯಾಕೆ ಹಾಗೆ ಹೊಟ್ಟೆ ಉಬ್ಬಿಸ್ಕೊಂಡು ಕೂತಿದೆ? ನಾನಿಲ್ಲ ಅಂದ್ರೆ ಅಂಗಡಿ ಗತಿ ಇಷ್ಟೇನಾ? ನಾಳೆ ಇನ್ನೊಂದು ಆಟ ಆಡ್ಬೇಕು ನೀವು, ಹೇಳಿರ್ತೀನಿ..."

ಮಾತು ನಿಲ್ಲಲಿಲ್ಲ, ಕತ್ತರಿಯೂ.