ಹಸಿರಾದ ಚೀಲಗಳು

ಇವತ್ತು ಶುಕ್ರವಾರ, ರಜೆ. ಎರಡು ಸಲ ಬಟ್ಟೆ ಒಗೆದೆ, ಎಸಿಯ ಫಿಲ್ಟರ್ ಬಿಚ್ಚಿ ತೊಳೆದೆ, ತೆಂಗಿನಕಾಯಿ ತುರಿದಿಟ್ಟೆ, ಫ್ರಿಜ್ಜಿನ ಮೇಲೆ ಮರೆತುಹೋಗಿದ್ದ ಖುಬೂಸ್ ರೊಟ್ಟಿಯ ಪೊಟ್ಟಣ ಇಳಿಸಿದೆ. ಬಿಚ್ಚಿದರೆ ಹಸಿರು ಬೂಷ್ಟು. ಆ ಮುಗ್ಗಲು ವಾಸನೆಗೆ ಕೈ ನಿಂತುಹೋಯಿತು...

ಆಗ ನಾವು ಬಹರೈನಿನ ಗುಫೂಲ್ ಎಂಬಲ್ಲಿದ್ದೆವು. ಎದುರು ಫ್ಲ್ಯಾಟಿನಲ್ಲಿ ನಮ್ಮ ಊರ ಕಡೆಯ ಅಣ್ಣ ಒಬ್ಬರಿದ್ದರು. ನನಗಿಂತ ಹಿರಿಯರಾದರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಖರ್ಜೂರದ ತೋಟದಲ್ಲಿ ಕೆಲಸ. ಮರದ ಕಾಂಡ ಕೊರೆಯುವ ಕೆಂಪು ಮೂತಿಹುಳುವನ್ನು ಕೊಲ್ಲುವ ಒಂದು ಬಗೆಯ ಬೂಷ್ಟು ಬೆಳೆಸುವುದು ಅವರ ಹುಚ್ಚು. ಕಡಿದು ಬಿಸಾಡಿದ ಗರಿಗಳನ್ನು ಚೂರು ಮಾಡಿ, ಗೋಧಿ ಬೂಸದ ಜೊತೆ ನಮ್ಮ ದೊಡ್ಡ ಕುಕ್ಕರಿನಲ್ಲಿ ಬೇಯಿಸಿ, ಆರಿದ ಮೇಲೆ ಬೂಷ್ಟಿನ ಬೀಜ ಬೆರೆಸಿ ಚೀಲಗಳಲ್ಲಿ ಕಟ್ಟಿಡುತ್ತಿದ್ದರು.

"ಒಂದೇ ಕುಕ್ಕರಲ್ಲಿ ನಮಗೆ ಕಡ್ಲೆ, ಹುಳಕ್ಕೆ ವಿಷ!" ಎಂದು ನಮ್ಮ ಯಜಮಾನರು ಛೇಡಿಸಿದರೆ, "ನಿಮಗೆಂತ ಆಗುದಿಲ್ಲ ಮಾರಾಯ್ರೆ, ಅಷ್ಟುದ್ದ ಮೂತಿ ಇಲ್ವಲ್ಲ" ಎನ್ನುತ್ತಿದ್ದರು.

ನಗುತ್ತಿದ್ದರೂ ಅಣ್ಣನಿಗೆ ಒಳಗೆ ಕಳವಳವಿತ್ತು. ಈ ಸಲ ಆ ಬೂಷ್ಟನ್ನು ಮರಗಳಿಗೆ ಹಾಕಿ ತೋರಿಸಿದರೆ ಮಾತ್ರ ವೀಸಾ ಮುಂದುವರಿಸುತ್ತೇನೆಂದು ತೋಟದ ಧಣಿ ಹೇಳಿದ್ದ. ಅಷ್ಟರಲ್ಲಿ ತಾಯಿಗೆ ಹುಷಾರಿಲ್ಲವೆಂದು ಅಣ್ಣ ಊರಿಗೆ ಓಡಬೇಕಾಯಿತು. ಕೀಲಿಕೈ ಕೊಡುತ್ತಾ, "ಎಸಿ ಬಂದಾಗದ ಹಾಗೆ ನೋಡಿ ಅಕ್ಕ. ಹತ್ತಿಯ ಹಾಗೆ ಬೆಳ್ಳಗೆ ಬಂದ್ರೆ ಒಳ್ಳೇದು" ಎಂದರು.

ಬೆಳ್ಳಗೇ ಬಂತು. ದಿನಾ ನೋಡಿ ಖುಷಿಪಟ್ಟೆ. ಒಂದು ಬೆಳಿಗ್ಗೆ ಹೋದರೆ ಅಷ್ಟೂ ಚೀಲಗಳು ಹಸಿರು! ಉಪ್ಪಿನಕಾಯಿ ಹಾಕಿ ಗೊತ್ತಿದ್ದವಳು ನಾನು. ಹಸಿರಾದರೆ ಕೆಟ್ಟಿತು ಎಂದೇ ಲೆಕ್ಕ. ಒಂದನ್ನೂ ಉಳಿಸದೆ ಕೆಳಗಿನ ಕಸದ ತೊಟ್ಟಿಗೆ ಹಾಕಿ, ಕಪಾಟನ್ನು ಬ್ಲೀಚ್ ಹಾಕಿ ತಿಕ್ಕಿದೆ.

ಅಣ್ಣ ಊರಿಂದ ಬಂದಾಗ, ಹಸಿರಾಗಿ ಕೆಟ್ಟವೆಂದು ಬಿಸಾಡಿದೆ ಎಂದೆ. ಅವರು ಹೋಗಿ ಖಾಲಿ ಕಪಾಟಿನ ಬಾಗಿಲು ತೆರೆದು ನೋಡಿದರು. "ಹಸಿರಾದ್ರೆ ಬಲಿತ ಹಾಗೆ ಅಕ್ಕ... ಅದನ್ನು ನಾನು ಹೇಳ್ಲೇ ಇಲ್ಲ ಅಲ್ವಾ."

ಮರುದಿನ ಧಣಿ ಬಂದ. "ಎಸಿ ಬಂದ್ ಹೋ ಗಯಾ ಥಾ" ಎಂದು ನನ್ನ ಹೆಸರೆತ್ತದೆ, ಎಸಿ ನಿಂತದ್ದೇ ಕಾರಣವೆಂದು ಹೇಳಿದರು ಅಣ್ಣ. ನಾನು ನಮ್ಮ ಬಾಗಿಲಲ್ಲೇ ನಿಂತಿದ್ದೆ. ಬಿಸಾಡಿದವಳು ನಾನು ಎನ್ನಲು ಒಂದು ಮಾತು ಸಾಕಿತ್ತು. ಬಾಯಿ ಬರಲಿಲ್ಲ. "ಖಲಾಸ್" ಎಂದು ಧಣಿ ಮೆಟ್ಟಿಲಿಳಿದ. ತಿಂಗಳೊಳಗೆ ಅಣ್ಣ ಬಹರೈನ್ ಬಿಟ್ಟರು. ಅವರು ಕೊಟ್ಟುಹೋದ ನಂಬರಿಗೆ ಈಗ ಕರೆ ಹೋಗುವುದಿಲ್ಲ...

ಇವತ್ತು ಊಟಕ್ಕೆ ಕುಳಿತಾಗ ಯಜಮಾನರಿಗೆ ಮೊದಲ ಸಲ ಎಲ್ಲ ಹೇಳಿದೆ. ಅವರು ತುತ್ತು ನಿಲ್ಲಿಸಿ, "ಆಗ್ಲೇ ಹೇಳ್ಬಹುದಿತ್ತಲ್ಲ ಮಾರಾಯ್ತಿ" ಎಂದರು. ಹೇಳಬಹುದಿತ್ತು. ಕುಚ್ಚಲಕ್ಕಿ ಅನ್ನ, ಬಸಳೆ ಸಾಂಬಾರು, ಹುರಿದ ಬಂಗುಡೆ. ಉಂಡು ಅವರು ಮೊದಲು ನಿದ್ದೆ ಹೋದರು. ನಾನು ಮಲಗಿದೆ, ಎದ್ದೆ, ಮತ್ತೆ ಮಲಗಿದೆ.